‘ಬಾಂಡ್ ಬರೆಸಿಕೊಂಡೇವ್ರಿ, ಇನ್ನ ಪಾಲಿಸಿ ಯಾಕ?’

ಪ್ರಶ್ನೆ: ಸರ್, ಹುಬ್ಬಳ್ಳಿ ಗೋಕುಲ ರೋಡಿನ್ಯಾಗ ನಮ್ದು ಸಣ್ಣ ವರ್ಕ್‌ಶಾಪ್ ಐತ್ರಿ. ಪವರ್ ಪ್ರೆಸ್ ಮ್ಯಾಲೆ ತಗಡಿನ ಕೆಲಸ, ಆರು ಮಂದಿ ಹುಡುಗರು. ‘ಕೆಲಸದಾಗ ಏನರ ಆದ್ರ ಮಾಲಕರು ಜವಾಬ್ದಾರರಲ್ಲ’ ಅಂತ ಎಲ್ಲಾರ ಕಡಿಂದ ಬಾಂಡ್ ಬರೆಸಿಕೊಂಡೇವಿ. ಆದ್ರೂ ಇನ್ಸೂರನ್ಸ್ ಮಾಡಸಬೇಕೇನ್ರಿ?

ಉತ್ತರ: ಮಾಡಿಸಬೇಕು. ಈ ವಾರವೇ ಮಾಡಿಸಿ.

ಈ ಪ್ರಶ್ನೆಗೆ ಎಷ್ಟು ಸಲ ಉತ್ತರಿಸಿದ್ದೇನೋ ನನಗೇ ನೆನಪಿಲ್ಲ. ತಾರಿಹಾಳದ ಕಾರಖಾನೆಯವರು ಕೇಳುತ್ತಾರೆ, ಬೆಟಗೇರಿಯ ಮಗ್ಗದವರು ಕೇಳುತ್ತಾರೆ, ಬ್ಯಾಡಗಿಯಲ್ಲಿ ಮೆಣಸಿನಕಾಯಿ ಪುಡಿ ಮಾಡಿಸುವವರೂ ಕೇಳುತ್ತಾರೆ. ಎಲ್ಲರ ಕಪಾಟಿನಲ್ಲೂ ಅದೇ ಬಾಂಡ್ ಪೇಪರ್.

ಮೊದಲು ಸುಲಭದ ಮಾತು ಮುಗಿಸೋಣ. ಹತ್ತು ಮಂದಿ ಇದ್ದರೆ ಕಾರ್ಮಿಕರ ಸರಕಾರಿ ವಿಮೆ, ಅಂದರೆ ಇಎಸ್‌ಐ ಬರುತ್ತದೆ. 21,000 ರೂಪಾಯಿವರೆಗಿನ ಪಗಾರದವರಿಗೆ ಗಾಯವಾದರೆ ಅದರ ಹೊಣೆ ಅಲ್ಲಿಗೆ ಹೋಗುತ್ತದೆ. ನಿಮ್ಮಲ್ಲಿರುವುದು ಆರೇ ಮಂದಿ, ಹಾಗಾಗಿ ಹೊಣೆ ನೇರ ನಿಮ್ಮ ಮೇಲೆ. 1923ರ ನೌಕರರ ಪರಿಹಾರ ಕಾಯ್ದೆ ಹೇಳಿದ್ದು ಇದನ್ನೇ. ಅದರ ಬದಲಿಗೆ 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯ ಏಳನೇ ಅಧ್ಯಾಯ ಹೇಳುವುದೂ ಇದನ್ನೇ. ಸಣ್ಣ ಧಂದೆ, ದಿನಗೂಲಿ ಆಳು, ಹಾಜರಿ ಪುಸ್ತಕದಲ್ಲಿ ಹೆಸರಿಲ್ಲ ಎಂಬ ಯಾವ ನೆವವೂ ಅಲ್ಲಿ ನಡೆಯುವುದಿಲ್ಲ. ಆಳಿನದೇ ಅಜಾಗರೂಕತೆ ಎಂದರೂ ಪರಿಹಾರ ತಪ್ಪುವುದಿಲ್ಲ.

ಈಗ ಆ ಬಾಂಡ್. ಕೆಲಸದ ಗಾಯಕ್ಕೆ ಸಿಗಬೇಕಾದ ಪರಿಹಾರವನ್ನು ಬಿಟ್ಟುಕೊಡುವ ಯಾವ ಒಪ್ಪಂದವೂ ಊರ್ಜಿತವಲ್ಲ ಎಂದು ಕಾನೂನೇ ಬಾಯಿಬಿಟ್ಟು ಹೇಳಿದೆ. ನೋಟರಿ ಮಾಡಿಸಿ, ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ, ಓದಿ ಹೇಳಿ ಬರೆಸಿದ್ದೇವೆ ಎಂದು ಷರಾ ಬರೆಸಿ, ಅದು ಊರ್ಜಿತವಾಗುವುದಿಲ್ಲ. ಹುಡುಗ ಮನಸಾರೆ ಒಪ್ಪಿ ಸಹಿ ಮಾಡಿದ್ದರೂ ಅಷ್ಟೆ. ಬಿಟ್ಟುಕೊಡುವ ಅಧಿಕಾರವನ್ನೇ ಕಾನೂನು ಅವನಿಗೆ ಕೊಟ್ಟಿಲ್ಲ. ಕೆಲಸ ಬೇಕಾದವನು ಯಾವ ಕಾಗದಕ್ಕಾದರೂ ಸಹಿ ಹಾಕುತ್ತಾನೆ ಎಂಬುದು ಕಾನೂನು ಬರೆದವರಿಗೆ ಗೊತ್ತಿತ್ತು.

ಇನ್ನೊಂದು ನಮೂನೆಯ ಬಾಂಡ್ ಇದೆ, ಗಾಯವಾದ ಮೇಲೆ ಬರೆಸುವುದು. ಅಂಥದ್ದೊಂದು ನನ್ನ ಮೇಜಿನ ಮೇಲೆ ಬಂದಿತ್ತು, ಪ್ಲಾಸ್ಟಿಕ್ ಚೀಲದಲ್ಲಿ ಜೋಪಾನವಾಗಿ ಸುತ್ತಿದ್ದು. ‘60,000 ರೂಪಾಯಿ ಮುಟ್ಟಿದೆ, ಇನ್ನು ಮುಂದೆ ನನ್ನ ತಕರಾರಿಲ್ಲ.’ ಕೆಳಗೆ ಎಡಗೈ ಹೆಬ್ಬೆಟ್ಟಿನ ಗುರುತು. ಸಹಿ ಯಾಕಿಲ್ಲ ಎಂದು ಕೇಳಿದೆ. ಹುಡುಗನಿಗೆ ಸಹಿ ಬರುತ್ತಿತ್ತು, ಆದರೆ ಬಲಗೈಗೆ ಬ್ಯಾಂಡೇಜ್ ಕಟ್ಟಿತ್ತು. ಬಲ ಹೆಬ್ಬೆರಳು ಪ್ರೆಸ್ಸಿನಲ್ಲಿ ಹೋಗಿತ್ತು. ಆ ಹಾಳೆಯನ್ನು ನಾನು ಬಹಳ ಹೊತ್ತು ಹಿಡಿದುಕೊಂಡು ಕೂತಿದ್ದೆ.

ಲೆಕ್ಕ ನೋಡಿ. ವಯಸ್ಸು 30, ತಿಂಗಳ ಪಗಾರ 15,000 ಎಂದುಕೊಳ್ಳಿ. ಪರಿಹಾರದ ಲೆಕ್ಕಕ್ಕೆ ಹಿಡಿಯುವ ಪಗಾರಕ್ಕೆ 2020ರ ಜನವರಿಯಲ್ಲಿ ಗೊತ್ತುಪಡಿಸಿದ ಮಿತಿಯೂ ಅದೇ. ಆ ವಯಸ್ಸಿಗೆ ಕಾನೂನಿನ ಪಟ್ಟಿಯಲ್ಲಿ ಕೊಟ್ಟಿರುವ ಗುಣಕ 207.98. ಪೂರ್ತಿ ಅಂಗವೈಕಲ್ಯಕ್ಕೆ ಪಗಾರದ ಶೇ 60ನ್ನು, ಅಂದರೆ 9,000ವನ್ನು, ಅದರಿಂದ ಗುಣಿಸಬೇಕು: 18,71,820. ಹೆಬ್ಬೆರಳು ಹೋದರೆ ಕಾನೂನಿನ ಗಾಯಗಳ ಪಟ್ಟಿಯ ಪ್ರಕಾರ ಶೇ 30ರ ನಷ್ಟ, ಅಂದರೆ 5,61,546 ರೂಪಾಯಿ. ಆಸ್ಪತ್ರೆ ಖರ್ಚು ಬೇರೆ. ಒಂದು ತಿಂಗಳೊಳಗೆ ಕೊಡದಿದ್ದರೆ ವರ್ಷಕ್ಕೆ ಶೇ 12 ಬಡ್ಡಿ. ಸಕಾರಣವಿಲ್ಲದೆ ತಡಮಾಡಿದರೆ ಪರಿಹಾರದ ಶೇ 50ರ ತನಕ ದಂಡ.

‘60,000 ಕೊಟ್ಟೀನಲ್ರಿ, ಅದನ್ನರ ಕಳೀತಾರಿಲ್ಲೋ?’ ಎನ್ನುತ್ತೀರಿ. ರಾಜಿ ಮಾಡಿಕೊಂಡರೆ ಅದನ್ನು ಇಂಥ ಪರಿಹಾರದ ತಕರಾರು ತೀರ್ಮಾನಿಸುವ ಕಮಿಷನರ್ ಬಳಿ ನೋಂದಾಯಿಸಬೇಕು. ಮೊತ್ತ ಕಮ್ಮಿ ಎನಿಸಿದರೆ ಅವರು ನಿರಾಕರಿಸಬಹುದು. ನೋಂದಾಯಿಸದಿದ್ದರೆ ಪೂರ್ತಿ ಪರಿಹಾರ ಕೊಡಬೇಕು, ಮತ್ತು ಕಮಿಷನರ್ ಬೇರೆ ಹೇಳದ ಹೊರತು ಕೊಟ್ಟದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಕಳೆಯುವಂತಿಲ್ಲ. ನಿಮ್ಮ 60,000ದಲ್ಲಿ ಲೆಕ್ಕಕ್ಕೆ ಬರುವುದು 30,000. ಆಳು ಸತ್ತಿದ್ದರೆ ಇನ್ನೂ ಬಿಗಿ: ಹಣ ಕಮಿಷನರ್ ಬಳಿಯೇ ಕಟ್ಟಬೇಕು. ಮುಂಗಡವಾಗಿ ಮೂರು ತಿಂಗಳ ಪಗಾರದಷ್ಟು ಬಿಟ್ಟು, ಮನೆಯವರ ಕೈಗೆ ಕೊಟ್ಟದ್ದು ಪರಿಹಾರ ಎಂದೇ ಎಣಿಕೆಯಾಗುವುದಿಲ್ಲ. ಪಂಚರ ಮುಂದೆ ಕೊಟ್ಟಿದ್ದರೂ ಅಷ್ಟೆ.

1923ರ ಕಾಯ್ದೆ ಕಡ್ಡಾಯ ಮಾಡಿದ್ದು ಪರಿಹಾರವನ್ನು, ಪಾಲಿಸಿಯನ್ನಲ್ಲ. ಆದರೆ ಆರು ಮಂದಿಯ ವರ್ಕ್‌ಶಾಪಿನವರು ಐದೂವರೆ ಲಕ್ಷವನ್ನು ಒಂದೇ ತಿಂಗಳಲ್ಲಿ ಎಲ್ಲಿಂದ ತರುತ್ತೀರಿ? ಪ್ರೀಮಿಯಂ ನಿಂತಿರುವುದು ವರ್ಷದ ಒಟ್ಟು ಪಗಾರ ಮತ್ತು ಕೆಲಸದ ಅಪಾಯದ ಮೇಲೆ. ಅದಕ್ಕೇ ಕೆಲವರು ಆರು ಮಂದಿಯನ್ನು ಮೂರು ಎಂದು, 15,000ವನ್ನು 8,000 ಎಂದು ಬರೆಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕ್ಲೇಮ್ ಬಂದ ದಿನ ಕಂಪನಿಯವರು ಮೊದಲು ತೆಗೆಯುವುದೇ ಪಗಾರದ ಪುಸ್ತಕ. ದಂಡ ಬಿದ್ದರೆ ಅದು ನಿಮ್ಮ ಜೇಬಿನಿಂದಲೇ ಹೋಗಬೇಕು, ಪಾಲಿಸಿ ಅದನ್ನು ಹೊರುವುದಿಲ್ಲ.

ನೀವು ಕೇಳಲಿಲ್ಲ, ಆದರೂ ಪವರ್ ಪ್ರೆಸ್ ಎಂದಿರಲ್ಲ, ಅದಕ್ಕೆ ಕೇಳುತ್ತೇನೆ: ಅದರ ಗಾರ್ಡ್, ಅಂದರೆ ಕೈ ಒಳಗೆ ಹೋಗದಂತೆ ತಡೆಯುವ ಅಡ್ಡಿ, ಎಲ್ಲಿದೆ? ನಾನು ಹೋದ ಎಷ್ಟೋ ವರ್ಕ್‌ಶಾಪುಗಳಲ್ಲಿ ಅದು ಮೂಲೆಯಲ್ಲಿ, ಸ್ಕ್ರಾಪಿನ ಜೊತೆ ಬಿದ್ದಿರುತ್ತದೆ. ‘ಇದ್ರ ಪೀಸ್ ಲಗೂನ ಬರಂಗಿಲ್ರಿ’ ಎನ್ನುತ್ತಾರೆ. ಆಳು ಬೇಕೆಂದೇ ಗಾರ್ಡ್ ತೆಗೆದು ಗಾಯ ಮಾಡಿಕೊಂಡರೆ ಮಾಲಕನ ಹೊಣೆ ತಪ್ಪಬಹುದು ಎಂಬ ಮಾತು ಕಾನೂನಿನಲ್ಲಿದೆ, ನಿಜ. ಆದರೆ ಸಾವು ಅಥವಾ ಪೂರ್ತಿ ಶಾಶ್ವತ ಅಂಗವೈಕಲ್ಯವಾದರೆ ಆ ಮಾತೂ ನಡೆಯುವುದಿಲ್ಲ. ಅದಕ್ಕಿಂತ ಮುಖ್ಯ, ತೆಗೆಯಲು ಹೇಳಿದವರು ನೀವೇ ಆಗಿದ್ದರೆ ಅದು ಆಳಿನ ತಪ್ಪು ಹೇಗಾಗುತ್ತದೆ? ಒಂದು ಸ್ಪ್ಯಾನರು, ನಾಲ್ಕು ಬೋಲ್ಟಿನ ಕೆಲಸ. ಏಜಂಟರಿಗೆ ಫೋನ್ ಮಾಡುವ ಮೊದಲು ಅದನ್ನು ಕೂರಿಸಿ.