ಡಿಜೆಗೆ ರಜೆ ಯಾಕೆ ಸಿಗುವುದಿಲ್ಲ?

2016ರ ಮಾರ್ಚ್‌ನಲ್ಲಿ ಸ್ವೀಡನ್‌ನ 26 ವರ್ಷದ ಹುಡುಗನೊಬ್ಬ ಅಭಿಮಾನಿಗಳಿಗೆ ಪತ್ರ ಬರೆದ. ಈ ವರ್ಷದ ಕಾರ್ಯಕ್ರಮಗಳು ಮುಗಿದರೆ ಮುಗೀತು, ಆಮೇಲೆ ಪ್ರವಾಸ ಇಲ್ಲ ಅನ್ನುವುದು ಅದರ ಸಾರ. ಹೆಸರು ಟಿಮ್ ಬರ್ಗ್ಲಿಂಗ್, ಜಗತ್ತಿಗೆ ಡಿಜೆ ಅವಿಚಿ. ಕೈತುಂಬಾ ದುಡ್ಡು ಬರುವಾಗ ಯಾರಾದರೂ ಹೀಗೆ ಮಾಡುತ್ತಾರಾ? ಉತ್ತರ ಬೇಕಿದ್ದರೆ ಆ ದುಡ್ಡು ಎಲ್ಲಿಂದ ಬರುತ್ತಿತ್ತು ಅಂತ ನೋಡಬೇಕು.

1999ರಲ್ಲಿ ಇಂಟರ್ನೆಟ್‌ನಲ್ಲಿ ಹಾಡು ಹಂಚಿಕೊಳ್ಳುವ ನ್ಯಾಪ್‌ಸ್ಟರ್ ಬಂತು. ಜನ ಹಾಡುಗಳನ್ನು ಪುಕ್ಕಟೆ ಇಳಿಸಿಕೊಳ್ಳತೊಡಗಿದರು, ಮುಂದೆ ಸಿಡಿ ಮಾರಾಟ ಕುಸಿಯಿತು. ಕಲಾವಿದರು ಟಿಕೆಟ್ ದುಡ್ಡನ್ನೇ ಹೆಚ್ಚು ನಂಬಬೇಕಾಯಿತು. ರಾಕ್ ಬ್ಯಾಂಡ್ ಒಂದು ಊರು ಬಿಡಬೇಕಾದರೆ ಡ್ರಮ್ಮು, ಗಿಟಾರು, ಲಾರಿ, ಹತ್ತಾರು ಜನ ಹೊರಡಬೇಕು. ಹಾಗಾಗಿ ನಡುವೆ ಒಂದಿಷ್ಟು ಬಿಡುವು ತಾನಾಗಿಯೇ ಸಿಗುತ್ತದೆ. ಡಿಜೆಗೆ ಹೆಡ್‌ಫೋನ್ ಮತ್ತು ಪೆನ್‌ಡ್ರೈವ್ ಇದ್ದರೆ ಸಾಕು. ಉಳಿದದ್ದೆಲ್ಲ ಅಲ್ಲೇ ಸಿದ್ಧವಿರುತ್ತದೆ. ಶುಕ್ರವಾರ ಒಂದು ದೇಶ, ಶನಿವಾರ ಇನ್ನೊಂದು, ಭಾನುವಾರ ಮಧ್ಯಾಹ್ನ ಮತ್ತೆಲ್ಲೋ ಈಜುಕೊಳದ ಪಕ್ಕ ಪಾರ್ಟಿ. ಅನುಕೂಲವೇ, ಅಲ್ವಾ? ನನ್ನ ಪ್ರಕಾರ ತೊಂದರೆ ಶುರುವಾಗುವುದೇ ಇಲ್ಲಿ. ‘ಆಗಲ್ಲ’ ಅನ್ನಲು ಡಿಜೆ ಹತ್ತಿರ ಒಂದು ನೆಪವೂ ಇರುವುದಿಲ್ಲ.

2010ರ ಹೊತ್ತಿಗೆ ಅಮೆರಿಕಕ್ಕೆ ಡಿಜೆಗಳ ಎಲೆಕ್ಟ್ರಾನಿಕ್ ನೃತ್ಯ ಸಂಗೀತದ ಹುಚ್ಚು ಹಿಡಿಯಿತು. 2011ರಲ್ಲಿ ಎಲೆಕ್ಟ್ರಿಕ್ ಡೈಸಿ ಕಾರ್ನಿವಲ್ ಎಂಬ ಸಂಗೀತ ಉತ್ಸವ ಲಾಸ್ ಏಂಜಲೀಸ್ ಬಿಟ್ಟು ಲಾಸ್ ವೇಗಸ್‌ಗೆ ಹೋಯಿತು. ಅಲ್ಲಿನ ಕ್ಯಾಸಿನೊಗಳು ಡಿಜೆಗಳಿಗೆ ಸಿನಿಮಾ ತಾರೆಯರ ಮಟ್ಟದ ಸಂಭಾವನೆ ಕೊಟ್ಟವು. ಫೋರ್ಬ್ಸ್ ಪತ್ರಿಕೆಯ ಲೆಕ್ಕದಲ್ಲಿ 2013ರಲ್ಲಿ ಡಿಜೆ ಕ್ಯಾಲ್ವಿನ್ ಹ್ಯಾರಿಸ್ ಗಳಿಕೆ 4.6 ಕೋಟಿ ಡಾಲರ್. ಅದೇ ವರ್ಷ ಎಸ್‌ಎಫ್‌ಎಕ್ಸ್ ಎಂಬ ಕಂಪನಿ ಇಂಥ ಉತ್ಸವಗಳನ್ನೇ ನಂಬಿ ಷೇರು ಮಾರುಕಟ್ಟೆಗೆ ಇಳಿಯಿತು. 2016ರಲ್ಲಿ ದಿವಾಳಿ ಎದ್ದಿತು, ಆ ಮಾತು ಬೇರೆ. ಗಾಳಿ ಬಂದಾಗ ತೂರಿಕೊಳ್ಳುವ ಆತುರದಲ್ಲಿ ಎಲ್ಲರೂ ಇದ್ದರು.

ಟಿಮ್ ಸ್ಟಾಕ್‌ಹೋಮ್‌ನ ತನ್ನ ಕೋಣೆಯಲ್ಲಿ ಕಂಪ್ಯೂಟರ್ ಮುಂದೆ ಕೂತು ಸಂಗೀತ ಕಟ್ಟಿದವನು. ನಾಚಿಕೆ ಸ್ವಭಾವ. 2011ರಲ್ಲಿ ಅವನ ‘ಲೆವೆಲ್ಸ್’ ಹಾಡು ಬಂದ ಮೇಲೆ ಸಾವಿರಾರು ಜನರ ಮುಂದೆ ಒಬ್ಬನೇ ನಿಲ್ಲಬೇಕಾಯಿತು. ಎದೆ ಢವಢವ ತಗ್ಗಿಸಲು ಕುಡಿತ. ಕ್ಲಬ್ಬಿನಲ್ಲಿ ಡಿಜೆಗೆ ಹೊಟ್ಟೆಗೆ ಊಟ ಸಿಗುವುದಕ್ಕಿಂತ ಸುಲಭವಾಗಿ ಕೈಗೆ ಗ್ಲಾಸು ಸಿಗುತ್ತದೆ. 2012ರ ಜನವರಿಯಲ್ಲಿ, 22ನೇ ವಯಸ್ಸಿಗೆ, ಮೇದೋಜೀರಕ ಗ್ರಂಥಿಯ ಉರಿಯೂತದಿಂದ ನ್ಯೂಯಾರ್ಕ್‌ನಲ್ಲಿ ಆಸ್ಪತ್ರೆ ಸೇರಿದ. 2014ರಲ್ಲಿ ಪಿತ್ತಕೋಶ, ಅಪೆಂಡಿಕ್ಸ್ ಎರಡನ್ನೂ ತೆಗೆದರು. ಆದರೂ ಪ್ರವಾಸ ನಿಲ್ಲಲಿಲ್ಲ. ಎಂಟು ವರ್ಷದಲ್ಲಿ ಸುಮಾರು 800 ಕಾರ್ಯಕ್ರಮ! ಒಂದು ಕಾರ್ಯಕ್ರಮ ರದ್ದಾದರೆ ಆಯೋಜಕ, ಏಜೆಂಟ್, ಮ್ಯಾನೇಜರ್ ಎಲ್ಲರ ಲೆಕ್ಕವೂ ತಪ್ಪುತ್ತದೆ. ದುಡಿಯುವ ದೇಹ ಮಾತ್ರ ಒಂದೇ. ಇದನ್ನು ಬರೀ ಕುಡಿತದ ಕಥೆ ಅನ್ನುವವರು ಈ ಲೆಕ್ಕವನ್ನು ಮರೆಯುತ್ತಾರೆ.

2016ರ ಆಗಸ್ಟ್‌ನಲ್ಲಿ ಸ್ಪೇನ್‌ನ ಇಬಿಜಾ ದ್ವೀಪದಲ್ಲಿ ಅವನು ಕೊನೆಯ ಬಾರಿ ನುಡಿಸಿದ. 2018ರ ಏಪ್ರಿಲ್ 20ರಂದು ಒಮಾನ್‌ನ ಮಸ್ಕತ್‌ನಲ್ಲಿ ತೀರಿಕೊಂಡ. ವಯಸ್ಸು 28.

ಎಚ್ಚರಿಕೆ ಮೊದಲೇ ಇತ್ತು. ಡಬ್‌ಸ್ಟೆಪ್ ಎಂಬ ಎಲೆಕ್ಟ್ರಾನಿಕ್ ಸಂಗೀತದ ಬ್ರಿಟನ್ನಿನ ಕಲಾವಿದ ಬೆಂಗಾ 2015ರಲ್ಲೇ ತನ್ನ ಮಾನಸಿಕ ಕಾಯಿಲೆಯ ಬಗ್ಗೆ ಬಾಯಿಬಿಟ್ಟಿದ್ದ. ಮಾದಕ ವಸ್ತು ಮತ್ತು ಅತಿಯಾದ ಪ್ರವಾಸ, ಎರಡನ್ನೂ ಕಾರಣ ಎಂದಿದ್ದ. 2016ರಲ್ಲಿ ಬ್ರಿಟನ್ನಿನ ಹೆಲ್ಪ್ ಮ್ಯೂಸಿಷಿಯನ್ಸ್ ಸಂಸ್ಥೆ ಸಂಗೀತ ಕ್ಷೇತ್ರದ 2,200ಕ್ಕೂ ಹೆಚ್ಚು ಜನರನ್ನು ಕೇಳಿದಾಗ, 71% ಮಂದಿ ತೀವ್ರ ಆತಂಕ ಅನುಭವಿಸಿದ್ದಾಗಿ ಹೇಳಿದ್ದರು.

ಟಿಮ್ ಸತ್ತ ಮೇಲೆ ಈ ಮಾತು ಜೋರಾಯಿತು. ಅಪ್ಪ ಅಮ್ಮ ಅವನ ಹೆಸರಲ್ಲಿ ಯುವಜನರ ಮಾನಸಿಕ ಆರೋಗ್ಯಕ್ಕಾಗಿ ಪ್ರತಿಷ್ಠಾನ ಕಟ್ಟಿದರು. ನೆದರ್‌ಲೆಂಡ್ಸ್‌ನ ಡಿಜೆ ಹಾರ್ಡ್‌ವೆಲ್ 2018ರ ಸೆಪ್ಟೆಂಬರ್‌ನಲ್ಲಿ ಪ್ರವಾಸ ನಿಲ್ಲಿಸಿ, 2022ರ ಮಾರ್ಚ್‌ನಲ್ಲಿ ಮಯಾಮಿಯ ವೇದಿಕೆಗೆ ಮರಳಿದ. ಅಭಿಮಾನಿಗಳು ಕಾದಿದ್ದರು. ಆದರೆ ಅವನು ಎರಡು ಬಾರಿ ಡಿಜೆ ಮ್ಯಾಗ್ ಪತ್ರಿಕೆಯ ಜಗತ್ತಿನ ಡಿಜೆಗಳ ಪಟ್ಟಿಯಲ್ಲಿ ಮೊದಲ ಸ್ಥಾನ ಪಡೆದವನು. ವಾರಕ್ಕೆ ಎರಡು ರಾತ್ರಿ ನುಡಿಸಿ ಮನೆ ಬಾಡಿಗೆ ಕಟ್ಟುವ ಡಿಜೆ ಮೂರು ವಾರ ಕಾಣದಿದ್ದರೆ, ಕ್ಲಬ್ ಇನ್ನೊಬ್ಬನಿಗೆ ಫೋನ್ ಮಾಡುತ್ತದೆ.