ಹಗಲಿಗೂ ಇರುಳಿಗೂ ಒಂದೇ ಟೆಲಿಸ್ಕೋಪ್

ಸೂರ್ಯನನ್ನೂ ನೋಡಬೇಕು, ರಾತ್ರಿ ಆಕಾಶವನ್ನೂ ನೋಡಬೇಕು, ಯಾವ ಟೆಲಿಸ್ಕೋಪ್ ಕೊಳ್ಳಲಿ ಎಂದು ಕೇಳುವವರಿಗೆ ನನ್ನದೊಂದು ಮರುಪ್ರಶ್ನೆ ಇರುತ್ತದೆ: ರಾತ್ರಿ ಏನನ್ನು ನೋಡುವ ಆಸೆ? ಆಯ್ಕೆ ನಿಂತಿರುವುದು ಅದರ ಮೇಲೆ. ಸೂರ್ಯ ಈ ವಿಷಯದಲ್ಲಿ ಹೆಚ್ಚು ಹಠ ಮಾಡುವುದಿಲ್ಲ.

ರಾತ್ರಿ ಬೆಳಕಿಗೆ ಬರಗಾಲ, ಹಗಲು ಅತಿವೃಷ್ಟಿ. 200 ಮಿ.ಮೀ. ದರ್ಪಣ 100 ಮಿ.ಮೀ. ಮಸೂರಕ್ಕಿಂತ ನಾಲ್ಕು ಪಟ್ಟು ಬೆಳಕು ಹಿಡಿಯುತ್ತದೆ. ಮಸುಕಾದ ಗೆಲಾಕ್ಸಿ ಕಾಣಬೇಕಾದರೆ ಅದೇ ಜೀವಾಳ. ಸೂರ್ಯನ ಮುಂದೆ ಆ ಬೆಳಕನ್ನೆಲ್ಲ ಬಾಗಿಲಲ್ಲೇ ತಡೆಯಬೇಕು. ಸೂಕ್ಷ್ಮ ವಿವರಕ್ಕೆ ದೊಡ್ಡ ವ್ಯಾಸ ಬೇಡವೇ? ಲೆಕ್ಕದ ಪ್ರಕಾರ ಬೇಕು. ಆದರೆ 100 ಮಿ.ಮೀ. ಟೆಲಿಸ್ಕೋಪ್ ಬಿಡಿಸಿ ತೋರಿಸಬಲ್ಲ ಸುಮಾರು 1.2 ಆರ್ಕ್‌ಸೆಕೆಂಡ್ (ಒಂದು ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 3600ರಲ್ಲಿ ಒಂದು ಪಾಲು) ವಿವರವೇ, ಕಾದ ನೆಲದಿಂದ ಏಳುವ ಗಾಳಿಯಲ್ಲಿ ಬಹುಪಾಲು ಕದಡಿಹೋಗುತ್ತದೆ. ಬೆಳಿಗ್ಗೆ, ನೆಲ ಕಾಯುವ ಮುನ್ನ, ಹುಲ್ಲಿನ ಮೇಲೆ ಟೆಲಿಸ್ಕೋಪ್ ನಿಲ್ಲಿಸಿದರೆ ಸಿಗುವ ಲಾಭ ದೊಡ್ಡ ದರ್ಪಣಕ್ಕೆ ಹಣ ಸುರಿದರೂ ಸಿಗದು.

ಹಗಲು–ರಾತ್ರಿ ಸಮಪಾಲು, ರಾತ್ರಿ ಚಂದ್ರ, ಗ್ರಹ, ಜೋಡಿ ನಕ್ಷತ್ರಗಳು ಸಾಕು ಎನ್ನುವವರಿಗೆ 80ರಿಂದ 100 ಮಿ.ಮೀ. ರೆಫ್ರ್ಯಾಕ್ಟರ್, ಅಂದರೆ ಮಸೂರದ ಟೆಲಿಸ್ಕೋಪ್, ನನ್ನ ಆಯ್ಕೆ. 600 ಮಿ.ಮೀ. ನಾಭಿದೂರಕ್ಕೆ 15 ಮಿ.ಮೀ. ಐಪೀಸ್ (ಕಣ್ಣಿಟ್ಟು ನೋಡುವ ಮಸೂರ) ಹಾಕಿದರೆ 40 ಪಟ್ಟು ವರ್ಧನೆ. ಅರ್ಧ ಡಿಗ್ರಿಯ ಸೂರ್ಯಬಿಂಬ ಇಡಿಯಾಗಿ, ಸುತ್ತ ಜಾಗ ಬಿಟ್ಟು ಕಾಣುತ್ತದೆ. ಅಗ್ಗದ ರೆಫ್ರ್ಯಾಕ್ಟರ್‌ಗಳಲ್ಲಿ ಚಂದ್ರನ ಅಂಚಿಗೆ ನೇರಳೆ ಬಣ್ಣ ಅಂಟಿಕೊಳ್ಳುವ ದೋಷ ಇದ್ದದ್ದೇ. ಸೂರ್ಯನ ಮಟ್ಟಿಗೆ ಅದಕ್ಕೆ ಹೆದರಬೇಕಿಲ್ಲ: ಸುರಕ್ಷಾ ಫಿಲ್ಟರ್ ಜೊತೆಗೆ ಐಪೀಸ್‌ಗೆ ಕಿರುಪಟ್ಟಿಯ ಹಸಿರು ಫಿಲ್ಟರ್ ಸೇರಿಸಿದರೆ ಒಂದೇ ಬಣ್ಣ ಉಳಿಯುತ್ತದೆ, ಸೌರಕಲೆಗಳ ಅಂಚು ಚೂಪಾಗುತ್ತದೆ. ಗೆಲಾಕ್ಸಿ, ನೀಹಾರಿಕೆಗಳ ಹುಚ್ಚಿದ್ದವರು ಮಾತ್ರ 150–200 ಮಿ.ಮೀ. ಡಾಬ್ಸೋನಿಯನ್ (ಸರಳ ಸ್ಟ್ಯಾಂಡಿನ ದರ್ಪಣ ಟೆಲಿಸ್ಕೋಪ್) ಕೊಂಡು ಮುಂಬದಿಗೆ ಫಿಲ್ಟರ್ ಹಾಕಿಕೊಳ್ಳಲಿ. ಸೂರ್ಯನ ಬೆಳಕಿನ ಬಹುಪಾಲನ್ನು ಐಪೀಸ್‌ಗೆ ತಲುಪದಂತೆ ಬೇರೆಡೆಗೆ ಕಳಿಸುವ ಹರ್ಷೆಲ್ ಪ್ರಿಸಂ ಬೇಕೆಂಬ ಆಸೆಯನ್ನು ಅವರು ಬಿಡಬೇಕು. ಅದು ರೆಫ್ರ್ಯಾಕ್ಟರ್‌ಗೆ ಮಾತ್ರ.

ಫಿಲ್ಟರ್ ವಿಷಯದಲ್ಲಿ ನಾನು ರಾಜಿಯಾಗುವುದಿಲ್ಲ. ಕಣ್ಣಿಟ್ಟು ನೋಡಲು ಟೆಲಿಸ್ಕೋಪ್‌ನ ಮುಂಬದಿಗೆ ಸಾಂದ್ರತೆ 5ರ ಫಿಲ್ಮ್ ಬೇಕು. ಅದು ಬೆಳಕಿನ ಲಕ್ಷದಲ್ಲೊಂದು ಪಾಲನ್ನಷ್ಟೇ ಒಳಬಿಡುತ್ತದೆ. 3.8ರದ್ದು ಛಾಯಾಗ್ರಹಣಕ್ಕೆ, ಕಣ್ಣಿಗಲ್ಲ. ಐಪೀಸ್‌ಗೆ ತಿರುಗಿಸಿ ಹಾಕುವ ಕಪ್ಪು ಗಾಜಿನ ‘ಸೂರ್ಯ ಫಿಲ್ಟರ್’ ಪೆಟ್ಟಿಗೆಯಲ್ಲಿ ಬಂದಿದ್ದರೆ ಒಡೆದು ಬಿಸಾಡಿ. ಒಟ್ಟುಗೂಡಿದ ಬಿಸಿಗೆ ಅದು ನೋಡುತ್ತಿರುವಾಗಲೇ ಸೀಳಬಹುದು. ಫಿಲ್ಮ್ ಸುಕ್ಕಾಗಿದ್ದರೆ ಚಿಂತೆಯಿಲ್ಲ, ತೂತಾಗಿರಬಾರದು. ಪ್ರತಿ ಸಲವೂ ಪ್ರಖರ ದೀಪಕ್ಕೆ ಹಿಡಿದು ನೋಡಿ. ಗಾಳಿಗೆ ಹಾರದಂತೆ ಕೊಳವೆಗೆ ಟೇಪ್ ಸುತ್ತಿ. ಗುರಿ ಹಿಡಿಯಲು ಇರುವ ಪುಟ್ಟ ಟೆಲಿಸ್ಕೋಪ್, ಅಂದರೆ ಫೈಂಡರ್ ಅನ್ನು ಬಿಚ್ಚಿಡಿ. ಸೂರ್ಯನನ್ನು ಹಿಡಿಯಲು ನೆಲದ ಮೇಲಿನ ಕೊಳವೆಯ ನೆರಳು ಸಾಕು: ಅದು ಅತಿ ಚಿಕ್ಕದಾದಾಗ ಗುರಿ ಸರಿಯಾಗಿರುತ್ತದೆ.

ಅಂಚಿನಿಂದ ಚಿಮ್ಮುವ ಜ್ವಾಲೆಯ ಕಮಾನುಗಳು ಈ ಫಿಲ್ಟರ್‌ನಲ್ಲಿ ಕಾಣವು. ಅದಕ್ಕೆ 656.3 ನ್ಯಾನೊಮೀಟರ್ ತರಂಗದ ಆಸುಪಾಸಿನ, 0.1 ನ್ಯಾನೊಮೀಟರ್‌ಗಿಂತ ಕಿರಿದಾದ ಪಟ್ಟಿಯನ್ನಷ್ಟೇ ಬಿಡುವ ಹೈಡ್ರೋಜನ್-ಆಲ್ಫಾ ಉಪಕರಣ ಬೇಕು. ಅದಕ್ಕೆಂದೇ ಮಾಡಿದ ಟೆಲಿಸ್ಕೋಪ್ ದುಬಾರಿ, ರಾತ್ರಿ ಕೆಲಸಕ್ಕೆ ಬಾರದು. ಮೊದಲ ಖರೀದಿಯಲ್ಲಿ ಅದನ್ನು ಸೇರಿಸಬೇಡಿ. ಆ ಹಣವನ್ನು ಅಲುಗಾಡದ ಸ್ಟ್ಯಾಂಡ್‌ಗೆ ಹಾಕಿ.