ಗೇಟ್ ತೆಗೆದ ನೀರಲ್ಲಿ ಕರೆಂಟ್ ಇಲ್ಲ

ಶರಾವತಿ ಹೊಳೆಯ ಲಿಂಗನಮಕ್ಕಿ ಅಣೆಕಟ್ಟಿನ ಗೇಟ್ ತೆಗೆದರು ಅಂತ ಟಿವಿಯಲ್ಲಿ ಬಂದರೆ ಸಾಕು, ನನಗೆ ಫೋನ್ ಶುರು. "ಈಗ ಭರ್ಜರಿ ಕರೆಂಟ್ ಅಲ್ವಾ?" ಪವರ್ ಹೌಸಿನಲ್ಲಿ ವರ್ಷಗಟ್ಟಲೆ ದುಡಿದ ನನಗೆ ಈ ಪ್ರಶ್ನೆ ಕೇಳಿ ಕೇಳಿ ಸಾಕಾಗಿದೆ.

ಇಲ್ಲ. ಗೇಟಿನಿಂದ ಧುಮುಕುವ ನೀರು ಅಲ್ಲಿ ಒಂದು ಬಲ್ಬನ್ನೂ ಉರಿಸುವುದಿಲ್ಲ. ಅದು ಹೊಳೆಗೆ ಬಿದ್ದು ಜೋಗದ ಕಡೆ ಹೋಗುತ್ತದೆ. ಶರಾವತಿ ಪವರ್ ಹೌಸಿನ ನೀರಿನ ದಾರಿಯೇ ಬೇರೆ. ಅದು ಕಾಲುವೆಯಲ್ಲಿ ತಲಕಳಲೆ ಅನ್ನುವ ಸಣ್ಣ ಜಲಾಶಯಕ್ಕೆ ಬಂದು, ಅಲ್ಲಿಂದ ಉಕ್ಕಿನ ಪೈಪುಗಳಲ್ಲಿ ಗುಡ್ಡ ಇಳಿಯುತ್ತದೆ. ಹೊಳೆ ಸೇರುವುದು ಜೋಗ ದಾಟಿದ ಮೇಲೆ. ಏಪ್ರಿಲ್‌ನಲ್ಲಿ ಜೋಗದ ಬಂಡೆ ಒಣಗಿ ನಿಂತಾಗಲೂ ಕೆಳಗೆ ಯಂತ್ರ ತಿರುಗುತ್ತಿರುತ್ತದೆ.

ಪೈಪಿನ ಕೊನೆಯಲ್ಲಿ ನೀರು ಮೂತಿಯಿಂದ ಚಿಮ್ಮಿ ಚಕ್ರದ ಬಟ್ಟಲುಗಳಿಗೆ ಬಡಿಯುತ್ತದೆ. ಒಂದೊಂದು ಬಟ್ಟಲೂ ಜೋಡಿಸಿಟ್ಟ ಎರಡು ಸೌಟಿನ ಹಾಗೆ. ನಡುವಿನ ಏಣು ನೀರನ್ನು ಸೀಳುತ್ತದೆ. ಬಡಿದ ನೀರು ಶಕ್ತಿಯೆಲ್ಲ ಕೊಟ್ಟು ಮೆತ್ತಗೆ ಕೆಳಗೆ ಬೀಳುತ್ತದೆ. 400 ಮೀಟರಿಗೂ ಜಾಸ್ತಿ ಎತ್ತರದಿಂದ ಬರುವುದರಿಂದ ಸುಮಾರು ಸಾವಿರ ಲೀಟರಿಗೆ ಒಂದು ಯೂನಿಟ್ ಸಿಗುತ್ತದೆ. ಆಲಮಟ್ಟಿಯಲ್ಲಿ ಎತ್ತರ ಕಡಿಮೆ, ಅಷ್ಟೇ ಕರೆಂಟಿಗೆ ಹತ್ತು ಪಟ್ಟಿಗೂ ಜಾಸ್ತಿ ನೀರು ಬೇಕು. ಅಂಥ ಕಡೆ ಗೇಟ್ ಪೂರ್ತಿ ತೆಗೆದರೆ ಕೆಳಗಿನ ಹೊಳೆ ಏರಿ, ನೀರು ಬೀಳುವ ಎತ್ತರ ಇನ್ನೂ ಕುಗ್ಗುತ್ತದೆ. ಕರೆಂಟ್ ಕಡಿಮೆಯಾಗುವುದೂ ಉಂಟು!

ಹಾಗಂತ ಗೇಟಿನ ನೀರೆಲ್ಲ ದಂಡ ಅಂತ ನಾನು ಹೇಳಲಾರೆ. ಕೆಳಗೆ ಗೇರುಸೊಪ್ಪೆಯ ಅಣೆಕಟ್ಟಿದೆ, ಅಲ್ಲಿ ಒಂದಷ್ಟು ಬಳಕೆಯಾಗಬಹುದು. ಆದರೆ ಶರಾವತಿ ಪವರ್ ಹೌಸಿನಲ್ಲಿ ಇರುವುದು 103.5 ಮೆಗಾವ್ಯಾಟಿನ ಹತ್ತು ಯಂತ್ರ. ಹತ್ತೂ ಪೂರ್ತಿ ಓಡಿದರೆ 1,035 ಮೆಗಾವ್ಯಾಟ್. ಮಳೆ ಎಷ್ಟೇ ಸುರಿಯಲಿ, ಅದಕ್ಕಿಂತ ಜಾಸ್ತಿ ನೀರು ಅವು ನುಂಗುವುದಿಲ್ಲ. ಗೇಟ್ ತೆಗೆಯುವುದು ಕರೆಂಟಿಗಲ್ಲ, ಅಣೆಕಟ್ಟು ಉಳಿಸಲು.

ಮುಳುಗಡೆಯಲ್ಲಿ ಊರು ಕಳೆದುಕೊಂಡ ಹಿರಿಯರೊಬ್ಬರು ನನಗೆ ತುಂಬ ಬೇಕಾದವರು. ಒಮ್ಮೆ ಗೇಟ್ ತೆಗೆದಾಗ ಕೇಳಿದರು, "ನಮ್ಮ ಗದ್ದೆ ಮುಳುಗಿಸಿದ ನೀರನ್ನ ಹೀಗೆ ಸುಮ್ನೆ ಬಿಡ್ತೀರಲ್ಲಪ್ಪ?" ಅವತ್ತು ಯಂತ್ರದ ಲೆಕ್ಕ ಹೇಳಿದೆ, ಅವರಿಗೆ ಸಮಾಧಾನ ಆಗಲಿಲ್ಲ. ಮೇ ತಿಂಗಳಲ್ಲಿ ಹಿನ್ನೀರಿನ ದಡಕ್ಕೆ ಕರೆದುಕೊಂಡು ಹೋದೆ. ನೀರು ಬಹಳ ಕೆಳಗಿಳಿದಿತ್ತು. ಬಿರುಕು ಬಿಟ್ಟ ಕೆಸರಿನಲ್ಲಿ ಹಳೇ ಗದ್ದೆಯ ಬದು ಎದ್ದು ಕಾಣುತ್ತಿತ್ತು. ದಡದಲ್ಲಿ ಮಳೆಗಾಲದ ನೀರಿನ ಗುರುತು ತೋರಿಸಿ, "ಅಲ್ಲಿಂದ ಇಲ್ಲಿತನಕ ಇಳೀತಲ್ಲ, ಕರೆಂಟ್ ಆಗಿದ್ದು ಆ ನೀರು" ಅಂದೆ. ಅವರು ಚಪ್ಪಲಿ ಬಿಟ್ಟು ಬದುವಿನ ಮೇಲೆ ಸ್ವಲ್ಪ ದೂರ ನಡೆದು ಹೋದರು.